ಮುಕ್ಕಾಲು ಲೀಟರ್

ಮಾರ್ಚ್ 4, ಸೋಮವಾರ

ಈ ಪುಸ್ತಕ ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಕೊಟ್ಟಿದ್ದು. ಎಡಗಡೆ ಹೊತ್ತು, ಬಲಗಡೆ ನನ್ನ ಹೆಂಡತಿಯ ಹೊಟ್ಟೆಗೆ ಎಷ್ಟು ಎಂ.ಎಲ್. ನೀರು ಹೋಯಿತು ಎಂದು ಬರೆಯಬೇಕಂತೆ. ಕೊನೆಗೆ ‘ಷರಾ’ ಎಂದು ಅಂಗುಲದಷ್ಟು ಜಾಗ. ನನ್ನ ಸಿಟ್ಟು ಅಷ್ಟರಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಪುಸ್ತಕ ತಿರುಗಿಸಿ ಹಿಂದಿನ ಹಾಳೆಯಿಂದ ಬರೆಯುತ್ತಿದ್ದೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ಇವತ್ತು ಮಾನ ಹೋಯಿತು. ಇವಳನ್ನು ತೂಕದ ಮೆಷೀನಿನ ಮೇಲೆ ನಿಲ್ಲಿಸಿದರೆ ಗುರುವಾರಕ್ಕಿಂತ ನಾಲ್ಕೂವರೆ ಕೆ.ಜಿ. ಜಾಸ್ತಿ. ಡಾಕ್ಟರು ಎಲ್ಲರೆದುರಿಗೇ ಕೇಳಿದರು, “ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ವಾ? ಇದು ಊಟದ ತೂಕ ಅಲ್ಲ, ಬರೀ ನೀರು. ಕಿಡ್ನಿ ಹೊರಗೆ ಹಾಕಲ್ಲ ಅಂದ್ಮೇಲೆ ಕುಡಿದ ನೀರು ಎಲ್ಲಿಗೆ ಹೋಗ್ಬೇಕು? ಮೊದಲು ಕಾಲಿಗೆ, ಆಮೇಲೆ ಎದೆಗೆ. ಇನ್ನೊಂದು ಸಲ ಹೀಗಾದ್ರೆ ಇಲ್ಲಿವರೆಗೆ ಬರೋಕೂ ಉಸಿರಿರಲ್ಲ.”

ದಿನಕ್ಕೆ ಮುಕ್ಕಾಲು ಲೀಟರ್. ಟೀ, ಮಾತ್ರೆ ನುಂಗುವ ನೀರು, ಎಲ್ಲ ಸೇರಿ. ನಮ್ಮ ಮನೆಯ ಲೋಟದಲ್ಲಿ ನಾಲ್ಕು ಲೋಟವೂ ಆಗುವುದಿಲ್ಲ.

“ಯಜಮಾನ್ರೇ, ಅಳತೆ ಇನ್ಮೇಲೆ ನಿಮ್ಮ ಕೆಲಸ” ಎಂದರು ಸಿಸ್ಟರ್. ಮೂವತ್ತನಾಲ್ಕು ವರ್ಷ ಊರಿಗೆ ನೀರು ಬಿಟ್ಟವನು ನಾನು. ಬೆಳಿಗ್ಗೆ ಐದಕ್ಕೆ ಸೈಕಲ್ ಮೇಲೆ ಹೋಗಿ ವಾಲ್ವ್ ತಿರುಗಿಸಿದರೆ ಹನ್ನೊಂದು ಬೀದಿಗಳ ನಲ್ಲಿಗಳು ಬಾಯಿ ಬಿಡುತ್ತಿದ್ದವು. ಒಂದು ಮನೆಗೆ ನೀರು ಕಮ್ಮಿಯಾದರೂ ನನ್ನ ಜನ್ಮ ಜಾಲಾಡುತ್ತಿದ್ದರು. ಈಗ ಸ್ವಂತ ಹೆಂಡತಿಗೆ ನೀರು ಕಟ್ಟು ಮಾಡುವ ಕೆಲಸ. ನನ್ನ ಕರ್ಮ!

ಮಾರ್ಚ್ 5, ಮಂಗಳವಾರ

ವ್ಯವಸ್ಥೆ ಮಾಡಿದೆ. ಒಂದು ಬಾಟಲಿಗೆ ವಾಲ್ವಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಗೆರೆ ಹಾಕಿದೆ. ಬೆಳಿಗ್ಗೆ ಗೆರೆಯವರೆಗೆ ನೀರು ತುಂಬಿಸುವುದು. ಇವಳು ಟೀ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಕುಂಡದ ಗಿಡಕ್ಕೆ ಸುರಿಯುವುದು. ಬಾಟಲಿ ಖಾಲಿಯಾದರೆ ಆ ದಿನದ ಪಾಲು ಮುಗಿಯಿತು.

ಹನ್ನೊಂದು ಗಂಟೆಗೇ ಖಾಲಿ.

ಮಧ್ಯಾಹ್ನ ಮೂರಕ್ಕೆ ಕೇಳಿದಳು, “ಒಂದೇ ಗುಟುಕು ಕೊಡ್ರೀ.” ಇಲ್ಲ ಎಂದೆ. “ಗಿಡಕ್ಕೆ ಕೊಡ್ತೀರಲ್ಲ, ನನಗೆ ಕೊಡೋಕೇನು?” ಎಂದಳು. ಗಿಡಕ್ಕೆ ಕಿಡ್ನಿ ಇಲ್ಲ ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಮುಖ ತಿರುಗಿಸಿ, “ಊರಿಗೆಲ್ಲ ವಾಲ್ವ್ ಬಿಟ್ಟೋರು ನನ್ನ ವಾಲ್ವ್ ತಿರುಗಿಸಿಬಿಟ್ರಿ” ಎಂದು ಗೊಣಗಿದಳು. ಸಂಜೆಯವರೆಗೂ ಅದೇ ಮಾತು ಕಿವಿಯಲ್ಲಿ.

ಮಾರ್ಚ್ 7, ಗುರುವಾರ

ಪುಸ್ತಕದಲ್ಲಿ ಮೂರು ದಿನಕ್ಕೆ ಎರಡೂಕಾಲು ಲೀಟರ್. ಮೆಷೀನಿನಲ್ಲಿ ಮೂರು ಕೆ.ಜಿ. ಜಾಸ್ತಿ. ಒಂದು ಲೀಟರ್ ನೀರಿಗೆ ಒಂದು ಕೆ.ಜಿ. ತೂಕ ಎಂದು ನನಗೆ ಸಿಸ್ಟರ್ ಹೇಳಿಕೊಡಬೇಕಾಗಿಲ್ಲ. ಹಾಗಾದರೆ ಮುಕ್ಕಾಲು ಕೆ.ಜಿ. ಎಲ್ಲಿಂದ ಬಂತು? ನಾನು ಇವಳ ಮುಖ ನೋಡಿದೆ. ಇವಳು ಛಾವಣಿ ನೋಡಿದಳು.

ಸಿಸ್ಟರ್ ನಕ್ಕುಬಿಟ್ಟರು. “ಅನ್ನ ಬೇಯಿಸುವಾಗ ಹಾಕಿದ ನೀರು ಎಲ್ಲಿಗೆ ಹೋಯ್ತು ಯಜಮಾನ್ರೇ? ಅಕ್ಕಿ ಕುಡೀತು. ಅಕ್ಕೀನ ಅಮ್ಮ ತಿಂದ್ರು. ಸೌತೆಕಾಯಿ ಅಂದ್ರೆ ಸಿಪ್ಪೆ ಇರೋ ನೀರು ಅಷ್ಟೇ.” ಇಷ್ಟು ದಿನ ನೀರೆಂದರೆ ಪೈಪಿನಲ್ಲಿ ಬರುವುದು ಎಂದುಕೊಂಡಿದ್ದೆ. ಅದು ತಟ್ಟೆಯಲ್ಲೂ ಅಡಗಿ ಕುಳಿತು ನನ್ನ ಕಣ್ಣಿಗೆ ಮಣ್ಣೆರಚುತ್ತಿದೆ.

ಇನ್ನೊಂದು ತೋರಿಸಿದರು. ಇವಳ ಮೊಣಕಾಲಿನ ಕೆಳಗೆ ಹೆಬ್ಬೆರಳಿಂದ ಒತ್ತಿದರು. ಗುಳಿ ಬಿದ್ದಿತು, ಬಿದ್ದದ್ದು ಹಾಗೇ ಇತ್ತು. “ನೀರು ಜಾಸ್ತಿಯಾದ್ರೆ ಹೀಗೆ. ಕಮ್ಮಿಯಾದ್ರೆ ಕೈ ಮೇಲಿನ ಚರ್ಮ ಚಿವುಟಿ ಬಿಟ್ರೆ ಗುಡಾರದ ಥರ ನಿಂತುಬಿಡುತ್ತೆ. ಎರಡೂ ಗೊತ್ತಿರಲಿ.” ಗೊತ್ತಿಟ್ಟುಕೊಳ್ಳುವುದಕ್ಕೆ ನನ್ನ ತಲೆಯೇನು ಗೋದಾಮೇ?

ಮಾರ್ಚ್ 9, ಶನಿವಾರ

ಕಳ್ಳತನ ಸಿಕ್ಕಿತು. ಬೆಳಗಿನಿಂದ ನಾಲ್ಕು ಸಲ ಮುಖ ತೊಳೆಯಲು ಹೋಗಿದ್ದಾಳೆ. ಐದನೇ ಸಲ ಹಿಂದೆಯೇ ಹೋದೆ. ಬಚ್ಚಲಲ್ಲಿ ನಿಂತು ಒದ್ದೆ ಟವೆಲಿನ ಅಂಚನ್ನು ಬಾಯಲ್ಲಿಟ್ಟುಕೊಂಡು ಹೀರುತ್ತಿದ್ದಾಳೆ! ಟವೆಲ್ ಕಿತ್ತುಕೊಂಡು ಹಿಂಡಿ ಅಳೆದೆ. ಒಂದು ಅಂಚಿನಲ್ಲೇ ಮೂವತ್ತು ಎಂ.ಎಲ್. ಬಟ್ಟೆಗೂ ನೀರೆಂದರೆ ಎಂಥ ಪ್ರೀತಿ, ತುದಿ ಮುಟ್ಟಿಸಿದರೆ ಸಾಕು, ಮೇಲಕ್ಕೆ ಹತ್ತಿಸಿಕೊಳ್ಳುತ್ತದೆ.

“ನಿನಗೆ ಬದುಕೋ ಆಸೆ ಇಲ್ವಾ?” ಎಂದು ಕಿರುಚಿದೆ.

“ಇದೆ. ಬಾಯಾರಿಕೇನೂ ಇದೆ. ಎರಡೂ ಒಂದೇ ಬಾಯಲ್ಲಿದೆ, ಏನ್ಮಾಡ್ಲಿ?”

ಜಗಳವಾಡಿ ಗಂಟಲು ಒಣಗಿತ್ತು. ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಎತ್ತಿ ಕುಡಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅವಳು. ನನ್ನ ಗಂಟಲನ್ನೇ ನೋಡುತ್ತಿದ್ದಾಳೆ. ನಾನು ನುಂಗಿದಾಗಲೆಲ್ಲ ಅವಳೂ ನುಂಗುತ್ತಿದ್ದಳು, ಬರಿಬಾಯಲ್ಲಿ. ಚೊಂಬು ಕೆಳಗಿಟ್ಟೆ. ನೀರು ಕುಡಿಯುವ ಸದ್ದು ಇಷ್ಟು ಜೋರೆಂದು ಈ ಮನೆಯಲ್ಲಿ ನನಗೆ ಗೊತ್ತೇ ಇರಲಿಲ್ಲ.

ಇನ್ನು ಮುಂದೆ ಇವಳೆದುರು ಕುಡಿಯುವುದಿಲ್ಲ. ಹೊರಗೆ ಹೋದಾಗ ಕುಡಿದರಾಯಿತು.

ಮಾರ್ಚ್ 11, ಸೋಮವಾರ

ನಾಲ್ಕು ದಿನಕ್ಕೆ ಎರಡೂವರೆ ಕೆ.ಜಿ. ಸಿಸ್ಟರ್ ಬೆನ್ನು ತಟ್ಟಿದರು. ನನಗೇನೂ ಖುಷಿಯಾಗಲಿಲ್ಲ. ಆಸ್ಪತ್ರೆಯವರು ಕುಡಿಯುವ ನೀರಿನ ಯಂತ್ರವನ್ನು ಸರಿಯಾಗಿ ಇವಳ ಹಾಸಿಗೆಯ ಎದುರಿಗೇ ಇಟ್ಟಿದ್ದಾರೆ. ಬುದ್ಧಿ ಇರುವವರು ಮಾಡುವ ಕೆಲಸವೇ ಇದು? ನಾಲ್ಕು ಗಂಟೆ ಅದಕ್ಕೆ ಬೆನ್ನು ಹಾಕಿ ಕುಳಿತೆ. ಕುಡಿಯಲಿಲ್ಲ. ಹೊರಗೆ ಹೋಗೋಣವೆಂದರೆ ಇವಳು ನನ್ನ ಅಂಗಿಯ ತುದಿ ಹಿಡಿದುಕೊಂಡು ನಿದ್ದೆ ಹೋಗಿದ್ದಳು.

ಮಾರ್ಚ್ 12, ಮಂಗಳವಾರ

ಐಸ್ ಚೀಪಿಸಿ ಎಂದು ಸಿಸ್ಟರ್ ಹೇಳಿದ್ದರು. ನಿನ್ನೆ ರಾತ್ರಿ ಒಂದು ಗಾಜಿನ ಬಾಟಲಿಗೆ ಕಂಠಮಟ್ಟ ನೀರು ತುಂಬಿ, ಮುಚ್ಚಳ ಬಿಗಿದು ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಬಾಟಲಿ ಒಡೆದು ಚೂರು ಚೂರು. ನೀರು ಮಾತ್ರ ಬಾಟಲಿಯ ಆಕಾರದಲ್ಲೇ ಗಟ್ಟಿಯಾಗಿ ಕುಳಿತಿದೆ, ಏನೂ ಆಗಿಯೇ ಇಲ್ಲ ಎನ್ನುವಂತೆ.

ಇವಳು ಬಂದು ನೋಡಿದಳು. “ಮೂವತ್ತನಾಲ್ಕು ವರ್ಷ ನೀರಿನ ಜೊತೆ ಸಂಸಾರ ಮಾಡಿದ್ರಿ. ಅದು ಗಟ್ಟಿಯಾದ್ರೆ ಉಬ್ಬುತ್ತೆ ಅಂತ ಗೊತ್ತಿಲ್ವಾ?”

“ನಮ್ಮ ಪೈಪಲ್ಲಿ ಯಾವತ್ತು ಐಸ್ ಆಗಿತ್ತು?”

“ಉಬ್ಬೋದು ಬೇಕಿದ್ರೆ ನನ್ನ ಕಾಲು ನೋಡಬಹುದಿತ್ತಲ್ಲ” ಎಂದು ನಕ್ಕಳು. ಈ ತಿಂಗಳಲ್ಲಿ ಮೊದಲ ನಗು. ಗಾಜು ಆಯುತ್ತ ಬೆರಳು ಕೊಯ್ದುಕೊಂಡೆ, ಅದಕ್ಕೂ ನಕ್ಕಳು.

ಆಮೇಲೆ ಟ್ರೇಯಲ್ಲಿ ಮಾಡಿದೆ. ಹನ್ನೆರಡು ಗುಂಡಿ, ನೂರಿಪ್ಪತ್ತು ಎಂ.ಎಲ್. ಅಂದರೆ ತುಂಡಿಗೆ ಹತ್ತು. ಹತ್ತು ಎಂ.ಎಲ್. ನೀರು ಕೊಟ್ಟರೆ ನಾಲಿಗೆಗೂ ಗೊತ್ತಾಗದೆ ಇಳಿದು ಹೋಗುತ್ತದೆ. ಅದೇ ಹತ್ತು ಐಸ್ ಆದರೆ ಹತ್ತು ನಿಮಿಷ. ಬಾಯಿಯ ಶಾಖವನ್ನೆಲ್ಲ ಎಳೆದುಕೊಂಡು ನಿಧಾನವಾಗಿ ಕರಗುತ್ತದೆ. ಇವಳು ಕೆನ್ನೆಯೊಳಗಿಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಳು. ಈ ಉಪಾಯ ಮೊದಲೇ ಹೇಳಬಾರದಿತ್ತೇ ಆ ಸಿಸ್ಟರ್?

ತಲೆನೋವು. ಬಿಸಿಲಿಗಿರಬೇಕು.

ಮಾರ್ಚ್ 15, ಶುಕ್ರವಾರ

ಇವಳ ತಮ್ಮ ಬಂದ. ಕಂಕುಳಲ್ಲಿ ಒಂದು ದೊಡ್ಡ ಕಲ್ಲಂಗಡಿ.

“ಭಾವ, ಅಕ್ಕನಿಗೆ ತಂದೆ.”

“ಅದು ನೀರು. ವಾಪಸ್ ತಗೊಂಡು ಹೋಗು.”

“ಏನ್ ಭಾವ ನೀವು, ಹಣ್ಣಿಗೂ ನೀರಿಗೂ ವ್ಯತ್ಯಾಸ ಇಲ್ವಾ?”

ನನಗೆ ಕೋಪ ನೆತ್ತಿಗೇರಿತು. ಕಲ್ಲಂಗಡಿ ಕೊಯ್ದು, ಒಂದು ಕೆ.ಜಿ. ಚೂರು ತೂಗಿ, ಬಟ್ಟೆಯಲ್ಲಿ ಕಟ್ಟಿ ಅವನೆದುರೇ ಹಿಂಡಿದೆ. ನೆಲದ ಮೇಲೆಲ್ಲ ಕೆಂಪು. ಪಾತ್ರೆಯಲ್ಲಿ ಹತ್ತಿರ ಹತ್ತಿರ ಒಂದು ಲೀಟರ್. ಬಟ್ಟೆಯಲ್ಲಿ ಉಳಿದದ್ದು ಮುಷ್ಟಿಯಷ್ಟು ನಾರು. “ನೋಡು ನಿನ್ನ ಹಣ್ಣು! ಅಕ್ಕನ ಮೇಲೆ ಇಷ್ಟು ಪ್ರೀತಿ ಇದ್ರೆ ಬರಿಗೈಲಿ ಬಾ!” ಎಂದು ಕೂಗಾಡಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

“ಒಂದು ಚೂರು ಕೊಟ್ಟಿದ್ರೆ ಅವನ ಮನಸ್ಸೂ ಉಳೀತಿತ್ತು. ಬಾಟಲಿಯಿಂದ ಅಷ್ಟು ಕಮ್ಮಿ ಮಾಡ್ಕೋತಿದ್ದೆ” ಎಂದಳು.

ಅವಳು ಹೇಳಿದ್ದು ಸರಿ. ಅದಕ್ಕೇ ಇನ್ನಷ್ಟು ಉರಿಯಿತು. ಸಿಪ್ಪೆ ಎಸೆಯಲು ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಕಣ್ಣು ಕತ್ತಲೆಯಿಟ್ಟಿತು. ಕಂಬಿ ಹಿಡಿದು ನಿಂತೆ. ಸಿಟ್ಟು ಮೈಗೆ ಒಳ್ಳೆಯದಲ್ಲ.

ಮಾರ್ಚ್ 18, ಸೋಮವಾರ

ಇವಳು ದಿನವಿಡೀ ಬಾಯಾರಿಕೆ ಎನ್ನುತ್ತಾಳಲ್ಲ, ನಿಜಕ್ಕೂ ಅಷ್ಟು ಕಷ್ಟವೇ, ಇಲ್ಲ ಸ್ವಲ್ಪ ನಾಟಕವೂ ಇದೆಯೇ ಎಂದು ನೋಡಬೇಕೆನಿಸಿತು. ನನಗೂ ಒಂದು ಬಾಟಲಿ ಗುರುತು ಹಾಕಿಕೊಂಡೆ. ಮುಕ್ಕಾಲು ಲೀಟರ್. ಬೀರುವಿನ ಹಿಂದೆ ಬಚ್ಚಿಟ್ಟಿದ್ದೇನೆ.

ಸಂಜೆ ನಾಲ್ಕಕ್ಕೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನಾಟಕವಲ್ಲ.

ಬಿಟ್ಟುಬಿಡಬಹುದಿತ್ತು. ಆದರೆ ಅವಳಿಗೆ ಬಿಡುವ ಹಾಗಿಲ್ಲವಲ್ಲ.

ಮಾರ್ಚ್ 20, ಬುಧವಾರ

ಬಿಸಿಲು ಹೆಂಚಿನ ಹಾಗಿದೆ. ವಿಚಿತ್ರವೆಂದರೆ ನನಗೆ ಬೆವರೇ ಬರುತ್ತಿಲ್ಲ. ಅಂಗಿ ಬೆಳಿಗ್ಗೆ ಹಾಕಿದ್ದು ಸಂಜೆಗೂ ಗರಿಗರಿ. ಒಗೆಯುವ ಕೆಲಸ ಕಮ್ಮಿಯಾಯಿತು. ಮೂತ್ರ ಕಡು ಟೀ ಬಣ್ಣ, ಹೊಸ ವಿಟಮಿನ್ ಮಾತ್ರೆಯದಿರಬೇಕು. ಬೆಳಿಗ್ಗೆ ಮೀನಖಂಡ ಹಿಡಿದುಕೊಂಡು ಪ್ರಾಣ ಹೋದ ಹಾಗಾಯಿತು. ವಯಸ್ಸಾಯಿತಲ್ಲ.

ಇವಳ ಪಾಲು 740. ಸರಿಯಾಗಿ ಅಳೆದಿದ್ದೇನೆ.

ಮಾರ್ಚ್ 21, ಗುರುವಾರ

ಬರೀ ಒಂದೂಮುಕ್ಕಾಲು ಕೆ.ಜಿ. ಜಾಸ್ತಿ! ಡಾಕ್ಟರು “ಭೇಷ್” ಎಂದರು. ಕಾಲಲ್ಲಿ ಗುಳಿಯೂ ಅಷ್ಟಾಗಿ ಬೀಳಲಿಲ್ಲ. ಸಿಸ್ಟರ್ ನನ್ನನ್ನು ನೋಡಿ, “ಅಮ್ಮ ಚೇತರಿಸ್ಕೊಂಡ್ರು, ನೀವ್ಯಾಕೆ ಇಳಿದುಹೋಗಿದ್ದೀರಿ?” ಎಂದರು. ನನ್ನ ವಿಷಯ ಇವರಿಗ್ಯಾಕೆ? ಅವರಿಗೆ ಸಂಬಳ ಕೊಡುವುದು ಹಾಸಿಗೆ ಮೇಲಿರುವವರನ್ನು ನೋಡಿಕೊಳ್ಳಲು.

ವಾಪಸ್ ಬರುವಾಗ ಆಟೋದವನ ಜೊತೆ ಜಗಳ. ಯಾತಕ್ಕೆಂದು ಈಗ ನೆನಪಾಗುತ್ತಿಲ್ಲ.

ಮಾರ್ಚ್ 23, ಶನಿವಾರ

ಬರೆಯಲು ನಾಚಿಕೆಯಾಗುತ್ತದೆ. ಬರೆಯುತ್ತೇನೆ.

ಮಧ್ಯಾಹ್ನ ನೋಡಿದರೆ ಇವಳ ಬಾಟಲಿಯಲ್ಲಿ ಇರಬೇಕಾದದ್ದಕ್ಕಿಂತ ಇನ್ನೂರು ಕಮ್ಮಿ. ಕೆಳಮನೆಯ ಟೈಲರ್ ಇವಳ ರವಿಕೆ ಕೊಡಲು ಬಂದು ಕುಳಿತಿದ್ದ. ಅವನೇ ಇವಳಿಗೆ ನೀರು ಬಗ್ಗಿಸಿ ಕೊಟ್ಟಿದ್ದಾನೆ ಎಂದು ಅವನ ಮೇಲೆ ಹಾರಿದೆ. ಅವನು ಕಕ್ಕಾಬಿಕ್ಕಿ. “ಅಣ್ಣ, ನೀವೇ ಈಗ ತಾನೇ ಗಿಡಕ್ಕೆ ಸುರಿದ್ರಿ. ಎರಡು ಸಲ ಸುರಿದ್ರಿ. ನಾನು ನೋಡ್ತಾನೇ ಇದ್ದೆ.”

ನಾನು ಸುರಿದ ನೆನಪಿಲ್ಲ. ಸುಳ್ಳು ಎಂದೆ. ಇವಳಿಗೆ, “ಕಳ್ಳಿ ನೀನು. ಬಾಯಿ ಕಟ್ಟೋಕಾಗಲ್ವಾ?” ಎಂದುಬಿಟ್ಟೆ. ಟೈಲರ್ ತಲೆ ತಗ್ಗಿಸಿಕೊಂಡು ಎದ್ದುಹೋದ. ಇವಳು ಅಳಲಿಲ್ಲ. ಬಾಟಲಿ ತಂದು ನನ್ನ ಮುಂದಿಟ್ಟು, “ಇನ್ನೊಂದು ಸಲ ಅಳೀರಿ” ಎಂದಳು.

ಗಿಡದ ಬುಡ ಮುಟ್ಟಿ ನೋಡಿದೆ. ಕೆಸರಾಗಿತ್ತು. ಕ್ಷಮಿಸು ಎನ್ನಬೇಕಿತ್ತು. ನಾಲಿಗೆ ಏಳಲಿಲ್ಲ.

ಮಾರ್ಚ್ 24, ಭಾನುವಾರ

ತಲೆಸುತ್ತು. ಅಕ್ಷರಗಳು ಓಡಾಡುತ್ತಿವೆ. ಇವಳದು 750. ನನ್ನದು 600. ನಾಳೆ ಬರೆಯುತ್ತೇನೆ.

ಮಾರ್ಚ್ 27, ಬುಧವಾರ

ಎಲ್ಲರೂ ಸೇರಿ ಸಣ್ಣದನ್ನು ದೊಡ್ಡದು ಮಾಡಿದ್ದಾರೆ. ನಡೆದದ್ದು ಇಷ್ಟು.

ಸೋಮವಾರ ಇವಳಿಗೆ ಸೂಜಿ ಚುಚ್ಚಿ ಮೆಷೀನಿಗೆ ಹಚ್ಚಿದ್ದರು. ನಾನು ಪುಸ್ತಕ ತೋರಿಸಲು ಎದ್ದೆ. ನೆಲ ಮೇಲೆ ಬಂತು. ಕಣ್ಣು ಬಿಟ್ಟಾಗ ಇವಳ ಪಕ್ಕದ ಹಾಸಿಗೆಯಲ್ಲೇ ಮಲಗಿದ್ದೆ. ಸಿಸ್ಟರ್ ನನ್ನ ಕೈ ಮೇಲಿನ ಚರ್ಮ ಚಿವುಟಿ ಎತ್ತಿ ಬಿಟ್ಟರು. ಅದು ಎತ್ತಿದಲ್ಲೇ ನಿಂತಿತು, ಗುಡಾರದ ಹಾಗೆ. “ಇವರೊಳಗೆ ನೀರೇ ಇಲ್ಲ” ಎಂದರು.

“ಮನೆ ತುಂಬ ನೀರಿದೆಯಲ್ಲ” ಎಂದಳು ಇವಳು.

ನನ್ನ ದುರದೃಷ್ಟಕ್ಕೆ ಬೀಳುವಾಗ ಪುಸ್ತಕವೂ ಕವುಚಿ ಬಿದ್ದಿತ್ತು. ಡಾಕ್ಟರು ಎತ್ತಿಕೊಂಡು ಹಿಂದಿನಿಂದ ತೆರೆದರು. ಬೆವರಿಲ್ಲ, ಟೀ ಬಣ್ಣ, ಮೀನಖಂಡ, ಕಣ್ಣು ಕತ್ತಲೆ... ಒಂದೊಂದಾಗಿ ಜೋರಾಗಿ ಓದಿದರು. ವಾರ್ಡಿಗೆ ವಾರ್ಡೇ ಕೇಳಿಸಿಕೊಂಡಿತು. “ಎಲ್ಲಾನೂ ನೀವೇ ಬರೆದಿದ್ದೀರಲ್ರೀ! ಬೆವರು ಆರಿದ್ರೆ ತಾನೇ ಮೈ ತಣ್ಣಗಾಗೋದು? ಒಳಗಿನ ಕಸಾನ ಕರಗಿಸಿ ಹೊರಗೆ ಹಾಕೋದೂ ನೀರೇ. ಅದೇ ಇಲ್ಲ ಅಂದ್ರೆ ಕಿಡ್ನಿ ಏನ್ ಮಾಡ್ಬೇಕು? ಇನ್ನೊಂದು ವಾರ ಬಿಟ್ಟಿದ್ರೆ ನಿಮಗೂ ಒಂದು ಮೆಷೀನ್ ಹುಡುಕ್ಬೇಕಿತ್ತು.”

ನನ್ನ ಕೈಗೆ ಡ್ರಿಪ್ ಹಾಕಿದರು. ಆ ಕಡೆ ಮೆಷೀನು ಇವಳಿಂದ ನೀರು ತೆಗೆಯುತ್ತಿದೆ, ಈ ಕಡೆ ಬಾಟಲಿ ನನ್ನೊಳಗೆ ತೊಟ್ಟಿಕ್ಕಿಸುತ್ತಿದೆ. ನಡುವೆ ಎರಡು ಅಡಿ ಜಾಗ.

“ಸಿಸ್ಟರ್, ಸುಮ್ನೆ ಯಾಕೆ ಎರಡು ಕೆಲಸ? ಇಲ್ಲಿಂದ ಅಲ್ಲಿಗೊಂದು ಪೈಪ್ ಎಳೆದುಬಿಡಿ. ಇವರಿಗೆ ಪೈಪಿನ ಕೆಲಸ ಬರುತ್ತೆ” ಎಂದಳು. ಎಲ್ಲರೂ ನಕ್ಕರು. ನಾನೂ ನಗಲು ಹೋದೆ. ಅಷ್ಟರಲ್ಲಿ ಇವಳ ಮುಖ ಬದಲಾಗಿತ್ತು.

“ನನಗೆ ಕುಡಿಯೋಕಾಗಲ್ಲ, ಅದಕ್ಕೇ ಕುಡಿಯಲ್ಲ. ನಿಮಗೇನಾಗಿತ್ತು ರೋಗ? ನನ್ನ ಜೊತೆ ಪಂದ್ಯ ಕಟ್ಟಿದ್ರಾ? ನಿಮ್ಮ ಕಿಡ್ನೀನೂ ಕೆಡಿಸ್ಕೊಂಡು ಪಕ್ಕದಲ್ಲಿ ಬಂದು ಮಲಗಿದ್ರೆ ನನಗೆ ಸಮಾಧಾನ ಆಗುತ್ತೆ ಅನ್ಕೊಂಡ್ರಾ? ಆಮೇಲೆ ನನ್ನ ನೀರು ಅಳೆಯೋರು ಯಾರು?”

ಶನಿವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಗೆ ಬಂತು. “ನಿನ್ನ ಕಳ್ಳಿ ಅಂದೆ. ತಪ್ಪಾಯ್ತು” ಎಂದೆ.

“ಟವೆಲ್ ಹೀರಿದ್ದು ನಿಜ ತಾನೇ” ಎಂದಳು. ಸೂಜಿ ಇರುವ ಕೈ ಅಲ್ಲಾಡಿಸುವ ಹಾಗಿಲ್ಲ. ಇನ್ನೊಂದು ಕೈ ಚಾಚಿ ನನ್ನ ಕೈ ಮೇಲಿನ ಚರ್ಮ ಚಿವುಟಿ ನೋಡಿದಳು. ಗಂಟೆಗೊಂದು ಸಲ ನೋಡುತ್ತಲೇ ಇದ್ದಳು. ಸಂಜೆ ಹೊತ್ತಿಗೆ ಅದು ಸರಿಯಾಗಿ ಕೂತಿತಂತೆ. ನಾನು ನಿದ್ದೆಯಲ್ಲಿದ್ದೆ.

ನನ್ನನ್ನು ಎರಡು ದಿನ ಇಟ್ಟುಕೊಂಡು ಇವತ್ತು ಬಿಟ್ಟರು; ಇವಳೂ ಅಲ್ಲೇ ಜೊತೆಗಿದ್ದಳು. ಟೈಲರ್ ಬಂದು, ಇವಳು ಕಳಿಸಿಕೊಟ್ಟಿದ್ದ ಬೀಗದಕೈಯಿಂದ ಮನೆ ಬಾಗಿಲು ತೆಗೆದ. ಅವನ ಮುಖ ನೋಡಲು ನನಗೆ ಮುಖವಿರಲಿಲ್ಲ. “ಗಿಡಕ್ಕೆ ಎರಡು ದಿನದಿಂದ ನಾನೇ ನೀರು ಹಾಕಿದೀನಿ ಅಣ್ಣ, ಒಂದೇ ಸಲ” ಎಂದ.

ಮಾರ್ಚ್ 28, ಗುರುವಾರ

ಬೆಳಿಗ್ಗೆ ಎದ್ದರೆ ಪುಸ್ತಕ ಇವಳ ಕೈಯಲ್ಲಿ. ಮುಂದಿನ ಹಾಳೆಗಳಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆಯುತ್ತಿದ್ದಾಳೆ. ಒಂದು ಕಡೆ ‘ನಾನು’, ಇನ್ನೊಂದು ಕಡೆ ‘ಇವರು’. ಇವರಿಗೆ ದಿನಕ್ಕೆ ಎರಡೂವರೆ ಲೀಟರ್, ಡಾಕ್ಟರ ಆಜ್ಞೆ. ಅಳೆಯುವವಳು ಇವಳು. ನನ್ನ ಕೆಲಸವನ್ನೇ ಕಿತ್ತುಕೊಂಡಳು!

ಮೇಜಿನ ಮೇಲೆ ಒಂದು ಲೋಟ ನೀರಿಟ್ಟು, “ಕುಡೀರಿ” ಎಂದಳು.

“ಆಮೇಲೆ ಅಡುಗೆಮನೇಲಿ ಕುಡಿತೀನಿ.”

“ಇಲ್ಲೇ.”

“ನಿನ್ನೆದುರಿಗೆ ಆಗಲ್ಲ, ಇವಳೇ. ಹಟ ಮಾಡಬೇಡ.”

ಅವಳು ಟ್ರೇಯಿಂದ ಒಂದು ತುಂಡು ಐಸ್ ತೆಗೆದು ಕೆನ್ನೆಯೊಳಗಿಟ್ಟುಕೊಂಡು ಎದುರಿಗೆ ಕುಳಿತಳು. ಐಸ್ ಬಾಯಲ್ಲಿರುವುದರಿಂದ ಮಾತು ತೊದಲುತ್ತಿತ್ತು. “ನೀವು ಕೆಲಸದಲ್ಲಿದ್ದಾಗ ಬೆಳಿಗ್ಗೆ ಐದಕ್ಕೆ ನಾನು ನಲ್ಲಿ ತಿರುಗಿಸಿಟ್ಟು ಕಾಯ್ತಾ ಇದ್ದೆ, ಗೊತ್ತಾ? ಮೊದಲು ಸುಯ್ ಅಂತ ಗಾಳಿ. ಆಮೇಲೆ ಗಳಗಳ ನೀರು. ಸದ್ದು ಬಂತು ಅಂದ್ರೆ ನೀವು ವಾಲ್ವ್ ಹತ್ರ ಸುರಕ್ಷಿತವಾಗಿ ಮುಟ್ಟಿದ್ರಿ ಅಂತ. ಇನ್ನು ಬರ್ತೀರಿ ಅಂತ ಟೀಗೆ ಇಡ್ತಿದ್ದೆ. ಮೂವತ್ತನಾಲ್ಕು ವರ್ಷ ನಾನು ಕೇಳಿದ್ದು ನೀರಿನ ಸದ್ದಲ್ಲ. ಈಗ ಮೂರು ವಾರದಿಂದ ಈ ಮನೇಲಿ ಆ ಸದ್ದೇ ಇಲ್ಲ.”

ಇಷ್ಟು ವರ್ಷದಲ್ಲಿ ಒಂದು ದಿನವೂ ಇದನ್ನು ಹೇಳಿರಲಿಲ್ಲ. ಈಗ ಹೇಳುತ್ತಾಳೆ, ಬಾಯಲ್ಲಿ ಐಸ್ ಇಟ್ಟುಕೊಂಡು!

“ಕುಡೀರಿ” ಎಂದಳು ಮತ್ತೆ. “ಕಳ್ಳರ ಥರ ಅಲ್ಲ. ಸದ್ದು ಮಾಡ್ಕೊಂಡು ಕುಡೀರಿ.”

ಕಣ್ಣು ಮುಚ್ಚಿದಳು. ನಾನು ಲೋಟ ಎತ್ತಿದೆ. ಮೊದಲ ಗುಟುಕು ಇಳಿಯಲಿಲ್ಲ. ಎರಡನೆಯದು ಇಳಿಯಿತು. ಆಮೇಲೆ ಗಟಗಟ ಪೂರ್ತಿ ಕುಡಿದೆ. ಅವಳ ಗಂಟಲು ಅಲ್ಲಾಡುತ್ತದೆಯೇ ಎಂದು ನೋಡುತ್ತಲೇ ಇದ್ದೆ. ಅಲ್ಲಾಡಲಿಲ್ಲ. ಐಸ್ ಕರಗುವವರೆಗೂ ಹಾಗೇ ಕುಳಿತಿದ್ದಳು.

ಆಮೇಲೆ ಪೆನ್ನು ತೆಗೆದುಕೊಂಡು ಬರೆದಳು. ನಾನು ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ಬೈಯುತ್ತ ಅಂಗಿ ಹುಡುಕುತ್ತಿದ್ದೆ. ಈಗ ನೋಡುತ್ತಿದ್ದೇನೆ. ಷರಾ ಎಂಬ ಆ ಅಂಗುಲದಷ್ಟು ಜಾಗದಲ್ಲಿ ನಾನು ಒಂದು ದಿನವೂ ಏನೂ ಬರೆದಿರಲಿಲ್ಲ. ಅವಳು ಬರೆದದ್ದನ್ನು ಇಲ್ಲಿಗೂ ಇಳಿಸಿಕೊಳ್ಳುತ್ತೇನೆ.

ಬೆಳಿಗ್ಗೆ 7. ನಾನು: 10. ಇವರು: 200. ಷರಾ: ಸದ್ದು ಬಂತು.